ಆಕಾಶವಾಣಿ ಅಂತ ಹೆಸರಿಟ್ಟಿದ್ದು ಯಾರು? ಮುಗಿಯದ ಜಗಳದ ಹಿಂದಿನ ಕಥೆ

ವರ್ಷಕ್ಕೆ ಮೂರು ಸಲ ಈ ಜಗಳ ಗ್ಯಾರಂಟಿ ಶುರುವಾಗತ್ತೆ. ಫೆಬ್ರವರಿ 13ಕ್ಕೆ ವಿಶ್ವ ರೇಡಿಯೋ ದಿನ, ಜುಲೈ 23ಕ್ಕೆ ರಾಷ್ಟ್ರೀಯ ಪ್ರಸಾರ ದಿನ, ಸೆಪ್ಟೆಂಬರ್ 10ಕ್ಕೆ ಮೈಸೂರಿನ ರೇಡಿಯೋ ಹುಟ್ಟಿದ ದಿನ. ಅವತ್ತು ಬೆಳಗ್ಗೆ ವಾಟ್ಸಾಪ್ ತೆಗೆದ್ರೆ ಒಂದು ಗ್ರೂಪಲ್ಲಿ ಆಕಾಶವಾಣಿ ಅನ್ನೋ ಹೆಸರು ಕೊಟ್ಟಿದ್ದು ರವೀಂದ್ರನಾಥ ಟ್ಯಾಗೋರ್ ಅಂತ ಬಂದಿರತ್ತೆ, ಇನ್ನೊಂದರಲ್ಲಿ ಅಲ್ಲ ಕಣ್ರೀ ನಮ್ಮ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅಂತ, ಮೂರನೇದರಲ್ಲಿ ಇಬ್ಬರೂ ಅಲ್ಲ, ಗೋಪಾಲಸ್ವಾಮಿಗಳಿಗೆ ಆ ಹೆಸರು ಹೇಳಿಕೊಟ್ಟಿದ್ದೇ ಹಾಸ್ಯ ಲೇಖಕ ನಾ. ಕಸ್ತೂರಿ ಅಂತ. ಮಧ್ಯಾಹ್ನದ ಹೊತ್ತಿಗೆ ಮೂರೂ ಗ್ರೂಪಲ್ಲಿರೋ ಯಾರೋ ಒಬ್ಬರು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಹಾಕಿ ಬೆಂಕಿ ಹಚ್ಚಿರ್ತಾರೆ.

ಪಾಪ, ಸ್ಪರ್ಧಾತ್ಮಕ ಪರೀಕ್ಷೆಗೆ ಓದೋ ಹುಡುಗರ ಪಾಡು ಇನ್ನೂ ಕಷ್ಟ. ಸಾಮಾನ್ಯ ಜ್ಞಾನದ ಗೈಡುಗಳಲ್ಲಿ ಈ ಪ್ರಶ್ನೆ ಇದ್ದೇ ಇರತ್ತೆ, ಉತ್ತರ ಮಾತ್ರ ಗೈಡಿಂದ ಗೈಡಿಗೆ ಬೇರೆ. ಯಾವುದಕ್ಕೆ ಟಿಕ್ ಹಾಕ್ಬೇಕು ಅನ್ನೋದು ಪ್ರಶ್ನೆ ತೆಗೆದೋರು ಯಾವ ಪುಸ್ತಕ ನೋಡಿದಾರೆ ಅನ್ನೋದರ ಮೇಲೆ ನಿಂತಿರತ್ತೆ.

ಈ ಗಂಟು ಇಷ್ಟು ಬಿಗಿಯಾಗಿರೋದಕ್ಕೆ ಕಾರಣ ಏನಂದ್ರೆ, ಹೆಸರಿಟ್ಟಿದ್ದು ಯಾರು ಅಂತ ಒಂದೇ ಪ್ರಶ್ನೆ ಕೇಳ್ತೀವಿ, ಅದರೊಳಗೆ ಮೂರು ಬೇರೆ ಬೇರೆ ಪ್ರಶ್ನೆ ಸೇರ್ಕೊಂಡಿದೆ. ಆ ಪದವನ್ನ ಕಟ್ಟಿದ್ದು ಯಾರು, ಕಟ್ಟಿದ ಪದಕ್ಕೆ ರೇಡಿಯೋ ಅನ್ನೋ ಅರ್ಥ ಹಚ್ಚಿದ್ದು ಯಾರು, ಆ ಅರ್ಥ ದೇಶದ ಮೂಲೆ ಮೂಲೆಗೂ ಹೋಗೋ ಹಾಗೆ ಮಾಡಿದ್ದು ಯಾರು. ಮೂರಕ್ಕೂ ಒಬ್ಬರೇ ಸಿಗ್ತಾರೆ ಅಂದ್ಕೊಂಡು ಹುಡುಕೋದ್ರಿಂದಲೇ ಈ ರಗಳೆ.

ಮೊದಲನೇದಂತೂ ಸುಲಭ, ಈ ಪದವನ್ನ ಇಪ್ಪತ್ತನೇ ಶತಮಾನದಲ್ಲಿ ಯಾರೂ ಹೊಸದಾಗಿ ಕಟ್ಟಿಲ್ಲ. ಕಂಸ ತನ್ನ ತಂಗಿ ದೇವಕಿನ ಮದುವೆ ಮಾಡ್ಕೊಟ್ಟು, ಪ್ರೀತಿಗೆ ತಾನೇ ರಥ ಹೊಡ್ಕೊಂಡು ಹೋಗ್ತಿರುವಾಗ, ಎಲೋ ಮೂಢ, ಇವಳ ಎಂಟನೇ ಮಗು ನಿನ್ನನ್ನ ಕೊಲ್ಲತ್ತೆ ಅಂತ ದನಿ ಕೇಳಿಸ್ತಲ್ಲ, ಅದೇ. ಭಾಗವತದ ಹತ್ತನೇ ಸ್ಕಂಧದಲ್ಲಿ ಅಲ್ಲಿರೋ ಪದ ಅಶರೀರವಾಕ್, ಕನ್ನಡಕ್ಕೆ ಬರೋ ಹೊತ್ತಿಗೆ ಅದು ಅಶರೀರವಾಣಿ, ಆಕಾಶವಾಣಿ ಅಂತೆಲ್ಲಾ ಆಯ್ತು. ಹರಿಕಥೆ ದಾಸರು ಈ ಜಾಗಕ್ಕೆ ಬಂದಾಗ ಚಿಟಿಕೆ ನಿಲ್ಲಿಸಿ ದನಿ ದಪ್ಪ ಮಾಡ್ತಿದ್ರು, ಕಂಪನಿ ನಾಟಕದಲ್ಲಿ ಸೈಡ್ ವಿಂಗಲ್ಲಿ ನಿಂತೋರು ಕೂಗ್ತಿದ್ರು, ಪೌರಾಣಿಕ ಸಿನಿಮಾ ಬಂದ ಮೇಲೆ ಅದಕ್ಕೆ ಎಕೋ ಸೇರ್ತು. ಅಂದ್ರೆ ಅಕ್ಷರ ಬರದ ಅಜ್ಜಿಗೂ ಈ ಪದ ಗೊತ್ತಿತ್ತು, ಮೈ ಕಾಣಲ್ಲ, ಮಾತು ಮಾತ್ರ ಕೇಳತ್ತೆ, ತಿರುಗಿ ಉತ್ತರ ಕೊಡೋ ಹಾಗಿಲ್ಲ. ರೇಡಿಯೋಗೆ ಇದಕ್ಕಿಂತ ಸರಿಯಾದ ವಿವರಣೆ ಇನ್ನೇನು ಬೇಕು!

ಹಳೇ ಪದಕ್ಕೆ ಹೊಸ ಕೆಲಸ ಕೊಡೋದು ನಮಗೆ ಹೊಸದೂ ಅಲ್ಲ. ಕಾದಂಬರಿ ಅನ್ನೋದು ಏಳನೇ ಶತಮಾನದ ಬಾಣನ ಕಥೆಯ ನಾಯಕಿ ಹೆಸರು. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲಿಷಿಂದ ನಾವೆಲ್ ಅನ್ನೋ ಪ್ರಕಾರ ಬಂದಾಗ ಮರಾಠಿಯೋರು ಅದಕ್ಕೆ ಆ ಹೆಸರಿಟ್ರು, ಧಾರವಾಡದ ಕಡೆಯಿಂದ ಅದು ಕನ್ನಡಕ್ಕೂ ಬಂತು. ಹಿಂದಿ, ಬಂಗಾಳಿಯೋರು ಅದೇ ವಸ್ತುಗೆ ಉಪನ್ಯಾಸ ಅಂದ್ರು, ನಮ್ಮಲ್ಲಿ ಉಪನ್ಯಾಸ ಅಂದ್ರೆ ಕಾಲೇಜಲ್ಲಿ ನಿದ್ದೆ ಬರಿಸೋದು. ಇಂಥ ಪದಗಳ ಜಾಡು ಹಿಡಿಯೋದು ಹೊಸದಾಗಿ ಕಟ್ಟಿದ ಪದಗಳಿಗಿಂತ ಕಷ್ಟ. ಮಿಂಚಂಚೆ ಅನ್ನೋ ಪದ ಎಲ್ಲಾದ್ರೂ ಕಂಡ್ರೆ ಅದು ಇಮೇಲೇ, ಇನ್ನೇನೂ ಆಗೋಕೆ ಸಾಧ್ಯ ಇಲ್ಲ. ಆಕಾಶವಾಣಿ ಹಾಗಲ್ಲ, 1900ರ ಪುಸ್ತಕದಲ್ಲೂ ಸಿಗತ್ತೆ, 1800ರ ಓಲೆಗರಿಯಲ್ಲೂ ಸಿಗಬಹುದು, ಸಿಕ್ಕ ಕಡೆಯೆಲ್ಲಾ ಅದು ಕಂಸನದ್ದಾ ರೇಡಿಯೋದಾ ಅಂತ ಹಿಂದೆ ಮುಂದೆ ಓದಿ ನೋಡ್ಬೇಕು. ಹುಡುಕ್ಬೇಕಾಗಿರೋದು ಪದದ ಮೊದಲ ಬಳಕೆ ಅಲ್ಲ, ಆ ಅರ್ಥದ ಮೊದಲ ಬಳಕೆ.

ಈಗ ರೇಡಿಯೋ ಕಡೆ ಬರೋಣ. 1923ರಲ್ಲಿ ಬಾಂಬೆ ರೇಡಿಯೋ ಕ್ಲಬ್ಬು, 1924ರಲ್ಲಿ ಮದ್ರಾಸಿಂದು, 1927ರ ಜುಲೈ 23ಕ್ಕೆ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಬಾಂಬೆ ಕೇಂದ್ರ, ಮುಂದಿನ ತಿಂಗಳೇ ಕಲ್ಕತ್ತ, ಮೂರು ವರ್ಷ ತುಂಬೋ ಮುಂಚೆ ಆ ಕಂಪನಿ ದಿವಾಳಿ, 1930ರ ಏಪ್ರಿಲಿಂದ ಸರ್ಕಾರದ ಕೈಗೆ. ಸರ್ಕಾರ ಇಟ್ಟ ಹೆಸರು ಇಂಡಿಯನ್ ಸ್ಟೇಟ್ ಬ್ರಾಡ್‌ಕಾಸ್ಟಿಂಗ್ ಸರ್ವಿಸ್, ಹೇಳಿ ಮುಗಿಸೋ ಹೊತ್ತಿಗೆ ಹಾಡೇ ಮುಗಿದಿರತ್ತೆ.

1935ರ ಆಗಸ್ಟ್ ಕೊನೇಲಿ ಬಿಬಿಸಿಯಿಂದ ಲಯನೆಲ್ ಫೀಲ್ಡನ್ ಅನ್ನೋರು ಇದರ ಮುಖ್ಯಸ್ಥರಾಗಿ ದೆಹಲಿಗೆ ಬಂದ್ರು. ಅವರಿಗೆ ಈ ಹೆಸರು ಕಂಡ್ರೆ ಆಗ್ತಿರಲಿಲ್ಲ, ಆಲ್ ಇಂಡಿಯಾ ರೇಡಿಯೋ ಅನ್ನೋದು ಆಗ್ಲೇ ತಲೇಲಿತ್ತು, ಕಚೇರಿಯೋರು ಒಪ್ತಿರಲಿಲ್ಲ. ಆಮೇಲೆ ಏನಾಯ್ತು ಅಂತ ಅವರೇ ತಮ್ಮ ನೆನಪುಗಳಲ್ಲಿ ಬರ್ಕೊಂಡಿದಾರೆ. ವೈಸ್‌ರಾಯ್ ಲಿನ್‌ಲಿತ್‌ಗೋ ಸಿಕ್ಕಾಗ, ನಂಗೊಂದು ಕಷ್ಟ ಬಂದಿದೆ ಸಲಹೆ ಬೇಕಿತ್ತು ಅಂತ ಶುರು ಮಾಡಿ, ಈ ಪದ ಭಾರೀ ಉದ್ದ, ಆ ಪದ ಜನರ ಬಾಯಲ್ಲಿ ತಿರುಗಲ್ಲ ಅಂತ ಒಂದೊಂದೇ ತಳ್ಳಿ ಹಾಕ್ತಾ ಹಾಕ್ತಾ, ಕೊನೇಗೆ ಆಲ್ ಇಂಡಿಯಾ ಅನ್ನೋದನ್ನೂ ರೇಡಿಯೋ ಅನ್ನೋದನ್ನೂ ವೈಸ್‌ರಾಯ್ ಬಾಯಿಂದಲೇ ಹೊರಡಿಸಿದ್ರು, ಆಹಾ ಎಂಥ ಹೆಸರು ಅಂತ ಹೊಗಳಿಯೂ ಬಿಟ್ರು. ವೈಸ್‌ರಾಯ್ ಅದು ತಾನೇ ಕಂಡುಹಿಡಿದ ಹೆಸರು ಅಂದ್ಕೊಂಡ್ರು, 1936ರ ಜೂನ್ 8ಕ್ಕೆ ಅದೇ ಅಧಿಕೃತವಾಯ್ತು. ಫೀಲ್ಡನ್ ಈ ಕಥೆ ಬರೀದೇ ಹೋಗಿದ್ರೆ ಇವತ್ತು ಗೈಡ್ ಪುಸ್ತಕದಲ್ಲಿ ಯಾರ ಹೆಸರು ಇರ್ತಿತ್ತು ಅಂತ ಊಹೆ ಮಾಡ್ಕೊಳ್ಳಿ. ಹೆಸರಿಟ್ಟೋರು ಯಾರು ಅನ್ನೋದು ಎಷ್ಟೋ ಸಲ ಕೊನೇಗೆ ಬರ್ಕೊಂಡೋರು ಯಾರು ಅನ್ನೋ ಪ್ರಶ್ನೆನೇ ಆಗಿರತ್ತೆ.

ಫೀಲ್ಡನ್ ದೆಹಲಿಗೆ ಬಂದಿಳಿದು ಇನ್ನೂ ಎರಡು ವಾರ ಆಗಿರಲಿಲ್ಲ, ಸೆಪ್ಟೆಂಬರ್ 10ಕ್ಕೆ ಮೈಸೂರಲ್ಲಿ ಒಂದು ಮನೆಯಿಂದ ಪ್ರಸಾರ ಶುರುವಾಯ್ತು. ಮನೆ ಹೆಸರು ವಿಠ್ಠಲ ವಿಹಾರ, ಈಗಿನ ಯಾದವಗಿರಿಯ ಆಕಾಶವಾಣಿ ಕೇಂದ್ರಕ್ಕೆ ಕೂಗಳತೆ ದೂರ. ಮನೆ ಯಜಮಾನರು ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ. ಇಂಜಿನಿಯರ್ ಅಲ್ಲ, ಪೇಪರಿನೋರಲ್ಲ, ಮನಶ್ಶಾಸ್ತ್ರದ ಮೇಷ್ಟ್ರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅನ್ನೋ ದೊಡ್ಡ ವಿದ್ವಾಂಸರ ಕೈಕೆಳಗೆ ಓದಿ ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದೋರು. ಕಾಣದೇ ಇರೋ ದನಿ ಕೇಳೋರ ಮನಸ್ಸಿಗೆ ಏನು ಮಾಡತ್ತೆ ಅನ್ನೋದು ಅಂಥವರಿಗೆ ಬರೀ ಹವ್ಯಾಸ ಆಗಿರೋಕೆ ಸಾಧ್ಯ ಇಲ್ಲ ಅಂತ ನನ್ನ ಗುಮಾನಿ.

ಟ್ರಾನ್ಸ್‌ಮಿಟರ್ ಎಷ್ಟು ಶಕ್ತಿದು ಅಂದ್ರೆ 30 ವ್ಯಾಟ್. ನಮ್ಮ ಮನೆ ಹಜಾರದಲ್ಲಿ ಉರೀತಿದ್ದ ಹಳೇ ಕಾಲದ ಟ್ಯೂಬ್‌ಲೈಟೇ 40 ವ್ಯಾಟ್ ತಿಂತಿತ್ತು. ನಾಲ್ಕು ತಿಂಗಳು ಆದ್ಮೇಲೆ, 1936ರ ಜನವರಿ 1ಕ್ಕೆ ಶುರುವಾದ ದೆಹಲಿ ಕೇಂದ್ರದ್ದು 20 ಕಿಲೋವ್ಯಾಟ್, ಅಂದ್ರೆ 20,000 ವ್ಯಾಟ್. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿದ್ರೆ ಮೈಸೂರಿನ ಸಾಹಸ ಎಂಥದ್ದು ಅನ್ನೋದೂ ಗೊತ್ತಾಗತ್ತೆ, ಅದರ ಕಥೆ ಯಾಕೆ ಊರಾಚೆ ಹೋಗಲಿಲ್ಲ ಅನ್ನೋದೂ ಗೊತ್ತಾಗತ್ತೆ, ಪ್ರಸಾರವೇ ಊರಾಚೆ ಸರಿಯಾಗಿ ಕೇಳಿಸ್ತಿರಲಿಲ್ಲ! ಆಮೇಲೆ 250 ವ್ಯಾಟ್‌ನ ಟ್ರಾನ್ಸ್‌ಮಿಟರ್ ಬಂತು. ಖರ್ಚು ಮೇಷ್ಟ್ರ ಜೇಬಿಂದು, ಸಾಲದೇ ಹೋದಾಗ ಊರಿನೋರ ಸಹಾಯ. ಹಾಡೋರು, ಓದೋರು, ಭಾಷಣ ಮಾಡೋರಿಗೆ ಮೈಸೂರಲ್ಲಿ ಬರ ಇರಲಿಲ್ಲ, ಅರಮನೆ ವಿದ್ವಾಂಸರಿದ್ರು, ಕಾಲೇಜು ತುಂಬ ಸಾಹಿತಿಗಳಿದ್ರು.

ಆ ಕಾಲೇಜು ಬಳಗದಲ್ಲಿದ್ದವರೇ ನಾ. ಕಸ್ತೂರಿ. ಹುಟ್ಟಿದ್ದು 1897ರಲ್ಲಿ ಕೇರಳದ ತ್ರಿಪ್ಪುಣಿತ್ತುರದಲ್ಲಿ, ಮನೆಮಾತು ಮಲಯಾಳಂ, ಮೈಸೂರಿಗೆ ಮೇಷ್ಟ್ರ ಕೆಲಸಕ್ಕೆ ಅಂತ ಬಂದು ಕನ್ನಡ ಕಲಿತು ಕನ್ನಡದ ದೊಡ್ಡ ಹಾಸ್ಯ ಲೇಖಕರಾಗಿಬಿಟ್ರು. 1942ರಲ್ಲಿ ರಾಶಿಯವರು ಕೊರವಂಜಿ ಅನ್ನೋ ಹಾಸ್ಯ ಪತ್ರಿಕೆ ಶುರು ಮಾಡಿದಾಗ ಅದರ ಆಧಾರಸ್ತಂಭಗಳಲ್ಲಿ ಇವರೂ ಒಬ್ಬರು. ಪದಗಳನ್ನ ತಿರುಚಿ, ಮುರಿದು, ಒಂದರ ತಲೆ ಇನ್ನೊಂದರ ಬಾಲಕ್ಕೆ ಅಂಟಿಸಿ ನಗಿಸೋದು ಅಂದ್ರೆ ಅವರಿಗೆ ನೀರು ಕುಡಿದಷ್ಟು ಸಲೀಸು. ಅನರ್ಥಕೋಶ ಅಂತ ಒಂದು ನಿಘಂಟನ್ನೇ ಮಾಡಿದ್ರು, ಅದರಲ್ಲಿ ಎಲ್ಲಾ ಪದಕ್ಕೂ ತಲೆಕೆಳಗಾದ ಅರ್ಥ. ಅಂಥ ಮನುಷ್ಯನಿಗೆ, ಕಂಸನಿಗೆ ಕೇಳಿಸಿದ ಭಯಂಕರ ದನಿಯನ್ನ ತಂದು ಮೇಷ್ಟ್ರ ಮನೆಯ 30 ವ್ಯಾಟಿನ ಪೆಟ್ಟಿಗೆಗೆ ಹೆಸರಾಗಿ ಅಂಟಿಸೋದು ಹೊಳೆದಿದ್ರೆ ಆಶ್ಚರ್ಯ ಏನೂ ಇಲ್ಲ. ಇವತ್ತು ನಮಗೆ ಆ ಹೆಸರು ಗಂಭೀರವಾಗಿ ಕೇಳತ್ತೆ, 1935ರಲ್ಲಿ ಅದನ್ನ ಮೊದಲ ಸಲ ಕೇಳಿದೋರು ಒಂದು ಸಣ್ಣ ನಗು ನಕ್ಕಿರ್ತಾರೆ ಅಂತ ನನಗೆ ಯಾವಾಗ್ಲೂ ಅನ್ಸತ್ತೆ. ಹೆಸರು ಸೂಚಿಸಿದ್ದು ಕಸ್ತೂರಿಯವರು ಅನ್ನೋ ಮಾತು ಮೈಸೂರಿನ ಸಾಹಿತ್ಯ ವಲಯದಲ್ಲಿ ಬಲವಾಗಿ ಬಂದಿದೆ, ಹಳೇ ರೇಡಿಯೋದವರೂ ಹೇಳ್ತಾರೆ. ಸ್ಟೇಷನ್ ಗೋಪಾಲಸ್ವಾಮಿಗಳದ್ದು, ಬೋರ್ಡ್ ಮೇಲೆ ಯಾವ ಹೆಸರು ಬರೀಬೇಕು ಅನ್ನೋ ಕೊನೇ ತೀರ್ಮಾನ ಅವರದ್ದೇ, ಆದ್ರಿಂದ ಹೆಸರಿಟ್ಟೋರು ಅಂತ ಅವರನ್ನ ಕರೆದ್ರೂ ಸುಳ್ಳಲ್ಲ. ಮಗುಗೆ ಹೆಸರು ಹುಡುಕಿದ್ದು ಸೋದರಮಾವ ಇರಬಹುದು, ತೊಟ್ಟಿಲಲ್ಲಿ ಇಟ್ಟು ಕರೆಯೋದು ಅಪ್ಪ ಅಮ್ಮನೇ ತಾನೇ.

ರೋಬೋ ಅನ್ನೋ ಪದಕ್ಕೂ ಸುಮಾರು ಇದೇ ಕಥೆ. 1920ರಲ್ಲಿ ಚೆಕ್ ಲೇಖಕ ಕಾರೆಲ್ ಚಾಪೆಕ್ ಅವರ ನಾಟಕದಿಂದ ಆ ಪದ ಜಗತ್ತಿಗೆಲ್ಲಾ ಹೋಯ್ತು, ಜನ ಅವರೇ ಕಟ್ಟಿದ್ದು ಅಂತ ಕೊಂಡಾಡಿದ್ರು. 1933ರಲ್ಲಿ ಚಾಪೆಕ್ ಅಲ್ಲಿನ ಪೇಪರ್ರಿಗೆ ಒಂದು ಕಾಗದ ಬರೆದು, ನಾನು ಇನ್ನೇನೋ ಹೆಸರಿಡೋಣ ಅಂತಿದ್ದೆ, ಚಿತ್ರ ಬರೀತಾ ಇದ್ದ ನಮ್ಮಣ್ಣ ಯೋಸೆಫ್ ಹತ್ರ ಹೋಗಿ ಕೇಳಿದೆ, ಬ್ರಷ್ ಬಾಯಲ್ಲಿ ಕಚ್ಕೊಂಡೇ ರೋಬೋ ಅಂತ ಕರಿ ಅಂತ ಗೊಣಗಿದ, ಪದ ಅವನದ್ದು ಅಂತ ಹೇಳಿಬಿಟ್ರು. ಆ ಒಂದು ಕಾಗದದಿಂದ ಅಲ್ಲಿ ತಕರಾರೇ ಇಲ್ಲ.

ಇನ್ನು ಕಲ್ಕತ್ತ. ಬಂಗಾಳಿಗರು ರೇಡಿಯೋಗೆ ಅದಾಗ್ಲೇ ಒಂದು ಚಂದದ ಪದ ಮಾಡ್ಕೊಂಡಿದ್ರು, ಬೇತಾರ್, ಅಂದ್ರೆ ತಂತಿ ಇಲ್ಲದ್ದು. ಬೇತಾರ್ ಜಗತ್ ಅಂತ ಕಾರ್ಯಕ್ರಮಗಳ ಪತ್ರಿಕೆ 1929ರಿಂದಲೇ ಬರ್ತಿತ್ತು, ಇವತ್ತಿಗೂ ಬಾಂಗ್ಲಾದೇಶದ ರೇಡಿಯೋ ಹೆಸರು ಬಾಂಗ್ಲಾದೇಶ್ ಬೇತಾರ್. 1938ರ ಆಗಸ್ಟಲ್ಲಿ ಕಲ್ಕತ್ತ ಕೇಂದ್ರದ ಶಾರ್ಟ್‌ವೇವ್ ಪ್ರಸಾರ ಶುರುವಾಗುವಾಗ ಟ್ಯಾಗೋರ್ ಹತ್ರ ಒಂದು ಕವಿತೆ ಬರೆಸಿದ್ರು, ಅದರಲ್ಲಿ ಆಕಾಶವಾಣಿ ಅನ್ನೋ ಪದ ಬಂತು. ಟ್ಯಾಗೋರ್ ಅದನ್ನ ಬಳಸಿರೋ ರೀತಿಯೂ ಚೆನ್ನಾಗಿದೆ, ಪುರಾಣದಲ್ಲಿ ಆಕಾಶದಿಂದ ಕೆಳಗೆ ಬರೋ ದನಿ ಅವರ ಕವಿತೇಲಿ ಭೂಮಿಯ ಅಂಗಳದಿಂದ ಮೇಲಕ್ಕೆ ಏಳತ್ತೆ. ತಾರೀಕು ಇದೆ, ಕವಿತೆ ಇದೆ, ಬರೆದೋರು ನೊಬೆಲ್ ಬಂದೋರು. ಫಾರ್ವರ್ಡ್‌ಗಳಲ್ಲಿ ಇದು ಒಂದ್ಕಡೆ 1938, ಇನ್ನೊಂದ್ಕಡೆ 1939 ಆಗಿ, ಕವಿತೇಲಿ ಬಳಸಿದ್ರು ಅನ್ನೋದು ಹೆಸರು ಸೂಚಿಸಿದ್ರು ಅಂತಾಗಿ, ಸೂಚಿಸಿದ್ರು ಅನ್ನೋದು ಕಡೇಗೆ ಪದ ಸೃಷ್ಟಿಸಿದ್ರು ಅಂತಾಗಿದೆ.

ಟ್ಯಾಗೋರ್ ಮೈಸೂರಿನ ಹೆಸರು ಕೇಳಿ ಬರೆದ್ರಾ, ತಾವಾಗೇ ಹೊಳೆದು ಬರೆದ್ರಾ ಅಂತ ತಲೆ ಕೆಡಿಸ್ಕೊಳ್ಳೋರೂ ಇದಾರೆ. ಹಾಗೆ ಯೋಚ್ನೆ ಮಾಡೋ ಅಗತ್ಯವೇ ಇಲ್ಲ ಅನ್ಸತ್ತೆ ನಂಗೆ. ಭಾಗವತ ಮೈಸೂರಲ್ಲೂ ಇತ್ತು, ಟ್ಯಾಗೋರ್ ಇದ್ದ ಬೋಲ್‌ಪುರದಲ್ಲೂ ಇತ್ತು. ಒಂದೇ ಪುರಾಣ ಕೇಳಿ ಬೆಳೆದ ಇಬ್ಬರು ಒಂದೇ ಹೊಸ ಯಂತ್ರ ನೋಡಿ ಒಂದೇ ಪದಕ್ಕೆ ಕೈ ಹಾಕೋದು ಸಹಜ, ಯಾರೂ ಯಾರ ಹತ್ರಾನೂ ಕದಿಯಬೇಕಾಗಿಲ್ಲ. ಆದ್ರೆ ಕ್ಯಾಲೆಂಡರ್ ಮಾತ್ರ ಯಾರ ಮುಲಾಜೂ ನೋಡಲ್ಲ, 1935 ಬರೋದು 1938ಕ್ಕಿಂತ ಮುಂಚೆನೇ.

ಆಮೇಲಿನದ್ದು ಬೇಗ ಹೇಳಿ ಮುಗಿಸ್ತೀನಿ. ಮೇಷ್ಟ್ರ ಮನೆ ರೇಡಿಯೋ 1940ರ ದಶಕದ ಶುರುವಲ್ಲಿ ಮೈಸೂರು ಸಂಸ್ಥಾನದ ಕೈಗೆ ಹೋಯ್ತು. ಸ್ವಾತಂತ್ರ್ಯ ಬಂದಾಗ ಆಲ್ ಇಂಡಿಯಾ ರೇಡಿಯೋದವರ ಪಾಲಿಗೆ ಉಳಿದಿದ್ದು ಆರೇ ಕೇಂದ್ರ, ದೆಹಲಿ, ಬಾಂಬೆ, ಕಲ್ಕತ್ತ, ಮದ್ರಾಸು, ಲಕ್ನೋ, ತಿರುಚಿನಾಪಳ್ಳಿ. 1950ರ ಹೊತ್ತಿಗೆ ಮೈಸೂರು, ಬರೋಡ, ಹೈದರಾಬಾದು, ತಿರುವನಂತಪುರದಂಥ ಸಂಸ್ಥಾನಗಳ ಕೇಂದ್ರಗಳೂ ಅದರೊಳಗೆ ಸೇರ್ಕೊಂಡ್ವು. 1955ರ ನವೆಂಬರ್ 2ಕ್ಕೆ ಬೆಂಗಳೂರು ಕೇಂದ್ರ ಶುರುವಾಯ್ತು, ಮೈಸೂರಿನದ್ದು ಮುಚ್ತು. ತವರಿಗೆ ರೇಡಿಯೋ ವಾಪಸ್ ಬಂದಿದ್ದು 1974ರಲ್ಲಿ. ಮುಚ್ಚಿದ ಎರಡು ವರ್ಷಕ್ಕೆ, 1957ರಲ್ಲಿ, ಆಕಾಶವಾಣಿ ಅನ್ನೋದು ಇಡೀ ದೇಶದ ರೇಡಿಯೋದ ಅಧಿಕೃತ ಹೆಸರಾಯ್ತು! ಅಂದ್ರೆ ಆ ಹೆಸರಿಗೆ ದೊಡ್ಡ ಪಟ್ಟ ಕಟ್ಟಿದ ದಿನ ಅದರ ಹಳೇ ಮನೇಲಿ ರೇಡಿಯೋನೇ ಇರಲಿಲ್ಲ. ಸ್ಟೇಷನ್ ಒಂದೂರಿಂದ ಇನ್ನೊಂದೂರಿಗೆ ಹೋಗುವಾಗ ಯಂತ್ರ ಹೋಗತ್ತೆ, ಸಂಬಳದ ಲೆಕ್ಕ ಹೋಗತ್ತೆ, ಶುರುವಿನ ದಿನಗಳ ಕರಪತ್ರ, ಕಾರ್ಯಕ್ರಮಪಟ್ಟಿಗಳನ್ನ ಯಾರು ಕಟ್ಟಿ ತಗೊಂಡು ಹೋಗ್ತಾರೆ. ಇದರಲ್ಲಿ ಯಾರದ್ದೂ ತಪ್ಪು ಅಂತ ಬೊಟ್ಟು ಮಾಡೋಕಾಗಲ್ಲ, ಆಗ ಯಾರಿಗೂ ಅದು ಇತಿಹಾಸ ಅಂತ ಅನ್ನಿಸಿರಲಿಲ್ಲ ಅಷ್ಟೇ.

1957ರ ಆಸುಪಾಸಿನ ಗಾಳಿಯೂ ನೆನಪಿಡ್ಬೇಕು. ಆಗ ರೇಡಿಯೋ ಹಿಂದಿ ಸಂಸ್ಕೃತದ ಕಡೆ ವಾಲಿತ್ತು, ಸಿನಿಮಾ ಹಾಡನ್ನ ಹೊರಗಿಟ್ಟಿದ್ರು, ಜನ ಎಲ್ಲಾ ಸಿಲೋನ್ ಸ್ಟೇಷನ್ ತಿರುಗಿಸಿ ಕೂತಿದ್ರು, ಅವರನ್ನ ವಾಪಸ್ ಕರೆಸೋಕೆ ಅಂತಲೇ ಅದೇ ವರ್ಷ ಅಕ್ಟೋಬರ್ 3ಕ್ಕೆ ವಿವಿಧ ಭಾರತಿ ಬಂತು. ಅಂಥ ಹೊತ್ತಲ್ಲಿ ಬಂದ ಸಂಸ್ಕೃತದ ಹೆಸರು ತಮಿಳುನಾಡಿನೋರ ಕಿವಿಗೆ ಬೇರೆಯಾಗೇ ಕೇಳಿಸ್ತು. ಅಲ್ಲಿ ವಾನೊಲಿ ಅನ್ನೋ ಅಚ್ಚ ತಮಿಳು ಪದ ಬೇರೂರಿತ್ತು, ಇವತ್ತಿಗೂ ವಾನೊಲಿ ನಿಲೈಯಂ ಅಂದ್ರೇನೇ ರೇಡಿಯೋ ಸ್ಟೇಷನ್. ನಮ್ಮಲ್ಲೂ ಅದರ ದಾಯಾದಿ ಬಾನುಲಿ ಇದೆ. ಪೇಪರ್ ಹೆಡ್ಡಿಂಗಲ್ಲಿ, ಪಠ್ಯಪುಸ್ತಕದಲ್ಲಿ, ಸನ್ಮಾನ ಪತ್ರದಲ್ಲಿ ಬಾನುಲಿ ಕಲಾವಿದ ಅಂತೆಲ್ಲಾ ಕಾಣಿಸತ್ತೆ, ಬಾಯಿಮಾತಲ್ಲಿ ಅಪರೂಪ. ನಿಜ ಹೇಳ್ಬೇಕಂದ್ರೆ ಆಕಾಶವಾಣಿಯೂ ಬಾಯಿಮಾತಿಗೆ ಪೂರ್ತಿ ಇಳಿದಿಲ್ಲ. ಆಕಾಶವಾಣಿಯವರು ಬಂದಿದ್ರು, ಆಕಾಶವಾಣಿಲಿ ನನ್ನ ಮಗಳ ಹಾಡು ಬರತ್ತೆ ಅಂತೀವಿ, ಆದ್ರೆ ಪೆಟ್ಟಿಗೆ ಮಾತ್ರ ರೇಡಿಯೋನೇ. ಆಕಾಶವಾಣಿ ಆಫ್ ಮಾಡು ಅಂತ ಯಾವ ಮನೇಲೂ ಯಾರೂ ಹೇಳಿದ್ದು ಕೇಳಿಲ್ಲ.

ಹಾಗಾದ್ರೆ ಈ ಪದವನ್ನ ಜನರ ಕಿವಿಗೆ ಅಂಟಿಸಿದ್ದು ಯಾರು ಅಂದ್ರೆ, ಮೂರನೇ ಪ್ರಶ್ನೆ ಇದು, ಕವಿಯೂ ಅಲ್ಲ ಪ್ರೊಫೆಸರೂ ಅಲ್ಲ, ದಿನಾ ಬೆಳಗ್ಗೆ ಸಂಜೆ ಮೈಕ್ ಮುಂದೆ ಕೂತ ಉದ್ಘೋಷಕರು. ಬೆಳಗ್ಗೆ ಏಳಕ್ಕೆ ಐದು ನಿಮಿಷ ಇರುವಾಗ ಇಯಂ ಆಕಾಶವಾಣೀ, ಸಂಪ್ರತಿ ವಾರ್ತಾಃ ಶ್ರೂಯಂತಾಂ ಅಂತ ಬರ್ತಿದ್ದಿದ್ದು ಸಂಸ್ಕೃತದ ಗಂಧಗಾಳಿ ಇಲ್ಲದೋರಿಗೂ ಬಾಯಿಪಾಠ. ಪ್ರವಾಚಕಃ ಬಲದೇವಾನಂದ ಸಾಗರಃ ಅನ್ನೋ ಹೊತ್ತಿಗೆ ಹಾಲಿನೋರು ಬಂದಿರ್ಬೇಕು, ಸ್ಕೂಲ್ ಮಕ್ಕಳು ಸ್ನಾನಕ್ಕೆ ಹೋಗಿರ್ಬೇಕು, ಅದೇ ಗಡಿಯಾರ. ಆ ಬುಲೆಟಿನ್ ಶುರುವಾಗಿದ್ದು 1974ರಲ್ಲಿ. ಒಂದು ಪದ ದಿನಕ್ಕೆ ಹತ್ತಾರು ಸಲ, ವರ್ಷದಲ್ಲಿ ಒಂದು ದಿನವೂ ಬಿಡದೆ, ಅದೇ ರಾಗದಲ್ಲಿ ಕಿವಿಗೆ ಬಿದ್ರೆ ಉಳೀದೇ ಏನು ಮಾಡತ್ತೆ.

ಇಷ್ಟೆಲ್ಲಾ ಆದ್ಮೇಲೂ ಜಗಳ ಯಾಕೆ ತೀರಿಲ್ಲ ಅಂದ್ರೆ ದಾಖಲೆ ವಿಷಯ. ಪದಗಳ ಇತಿಹಾಸ ಬರೆಯೋರ ಕಾನೂನು ತುಂಬ ಕಟ್ಟುನಿಟ್ಟು, ತಾರೀಕು ಇರೋ ಬರಹ ತೋರಿಸು, ಆಮೇಲೆ ಮಾತಾಡು. ಸೆರೆಂಡಿಪಿಟಿ ಅನ್ನೋ ಇಂಗ್ಲಿಷ್ ಪದ ಹೊರೇಸ್ ವಾಲ್ಪೋಲ್ ಅನ್ನೋರು 1754ರ ಜನವರಿ 28ಕ್ಕೆ ಸ್ನೇಹಿತರಿಗೆ ಬರೆದ ಕಾಗದದಲ್ಲಿ ಹುಟ್ಟಿದ್ದು ಅಂತ ಇವತ್ತು ತಾರೀಕು ಸಮೇತ ಹೇಳ್ತಾರೆ. ಆ ಕಾಗದ ಅಚ್ಚಾಗಿದ್ದು 1833ರಲ್ಲಿ, ಅಲ್ಲಿವರೆಗೂ ಪದ ಒಂದು ಪೆಟ್ಟಿಗೇಲಿ ಮಲಗಿತ್ತು. ಯಾರೋ ಆ ಪೆಟ್ಟಿಗೇನ ಒಲೆಗೆ ಹಾಕಿದ್ರೆ ಮುಗೀತಿತ್ತು ಕಥೆ.

ಕನ್ನಡದಲ್ಲಿ ಈ ಕೆಲಸ ಆಗೇ ಇಲ್ಲ ಅನ್ನೋ ಹಾಗಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಂದ ಬಂದ ಕಿಟೆಲ್ ನಿಘಂಟಿದೆ, ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟದ ನಿಘಂಟಂತೂ ಶಾಸನಗಳಿಂದ ಹಿಡಿದು ಹಳೇ ಕಾವ್ಯಗಳ ತನಕ ಸಾಲು ಸಾಲು ಉದಾಹರಣೆ ಕೊಟ್ಟು ಕಟ್ಟಿದ್ದು, ಮೊದಲ ಸಂಪುಟ 1970ಕ್ಕೆ, ಕೊನೇದು 1995ಕ್ಕೆ. ಅದರ ಹಿಂದಿದ್ದ ಜಿ. ವೆಂಕಟಸುಬ್ಬಯ್ಯನವರು 1991ರಿಂದ ಪ್ರಜಾವಾಣಿಯ ಇಗೋ ಕನ್ನಡ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಒಂದೊಂದು ಪದದ ಪ್ರಶ್ನೆಗೂ ಉತ್ತರ ಬರೆದ್ರು. ಆದ್ರೆ ಈ ದೊಡ್ಡ ಕೆಲಸದ ಕಣ್ಣು ಇದ್ದಿದ್ದು ಸಾಹಿತ್ಯದ ಮೇಲೆ, ಶಾಸನದ ಮೇಲೆ. ಪಂಪ ಯಾವ ಪದ ಎಲ್ಲಿ ಬಳಸಿದಾನೆ ಅನ್ನೋದು ಥಟ್ಟನೆ ಸಿಗತ್ತೆ, 1936ರ ಒಂದು ಜಾಹೀರಾತಲ್ಲಿ, ಟಿಕೆಟ್ಟಲ್ಲಿ, ಕರಪತ್ರದಲ್ಲಿ ಯಾವ ಪದ ಬಂತು ಅನ್ನೋದು ಸಿಗಲ್ಲ. ಹೊಸ ಕಾಲದ ಪದಗಳು ಹುಟ್ಟೋದು ಅಲ್ಲೇ ಅಲ್ವಾ.

ಈಗ ಕಂಪ್ಯೂಟರ್ ಇದೆಯಲ್ಲ ಹುಡುಕಿಬಿಡಬಹುದು ಅನ್ನೋರಿಗೆ ಒಂದು ಮಾತು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದವರು ಸ್ಕ್ಯಾನ್ ಮಾಡಿದ ಸಾವಿರಾರು ಹಳೇ ಕನ್ನಡ ಪುಸ್ತಕ ಇಂಟರ್ನೆಟ್ ಆರ್ಕೈವಲ್ಲಿ ಇವೆ ನಿಜ, ಪುಣ್ಯಾತ್ಮರು ಮಾಡಿದ ಕೆಲಸ. ಆದ್ರೆ ಎಷ್ಟೋ ಪುಸ್ತಕದ ಹೆಸರೇ ಇಂಗ್ಲಿಷ್ ಅಕ್ಷರದಲ್ಲಿ ಅಡ್ಡಾದಿಡ್ಡಿಯಾಗಿ ಬಿದ್ದಿದೆ, ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಸ್ಪೆಲ್ಲಿಂಗ್ ಹಾಕಿ ಹುಡುಕ್ಬೇಕು. ಪುಟದ ಒಳಗಿನ ಅಕ್ಷರ ಯಂತ್ರಕ್ಕೆ ಓದಿಸಿದ್ರೆ ಹಳೇ ಅಚ್ಚುಮೊಳೆಯ ಒತ್ತಕ್ಷರಕ್ಕೆ ಎಡವಿ ಬೀಳತ್ತೆ, ಇಂಕು ಹರಡಿದ ಕಡೆ ಏನೇನೋ ಓದತ್ತೆ. ಆಕಾಶ ಒಂದು ಸಾಲಿನ ಕೊನೇಲಿ, ವಾಣಿ ಮುಂದಿನ ಸಾಲಿನ ಶುರುವಲ್ಲಿ ಬಿದ್ದಿದ್ರಂತೂ ಸರ್ಚಲ್ಲಿ ಬರೋದೇ ಇಲ್ಲ. ಹೀಗಾಗಿ ಇದು ಇವತ್ತಿಗೂ ಕೂತು ಪುಟ ತಿರುಗಿಸೋರ ಕೆಲಸವೇ.

2023ರ ಮೇ ತಿಂಗಳಲ್ಲಿ ಇನ್ನು ಮುಂದೆ ಆಲ್ ಇಂಡಿಯಾ ರೇಡಿಯೋ ಅನ್ನೋದು ಬೇಡ, ಆಕಾಶವಾಣಿ ಅಂತಲೇ ಹೇಳಿ ಅಂತ ಆದೇಶ ಬಂದಾಗ ಈ ಹಳೇ ಗಂಟಿಗೆ ಹೊಸ ಗಂಟು ಬಿತ್ತು. ಆದೇಶ ಆಕಾಶದಿಂದ ಉದುರಿದ್ದಲ್ಲ, 1990ರ ಪ್ರಸಾರ ಭಾರತಿ ಕಾಯ್ದೆಯಲ್ಲೇ ಆಕಾಶವಾಣಿ, ದೂರದರ್ಶನ ಅನ್ನೋ ಹೆಸರೇ ಇರೋದು, ಕಾಯ್ದೆ ಜಾರಿಗೆ ಬಂದಿದ್ದು 1997ಕ್ಕೆ. ತಮಿಳುನಾಡಲ್ಲಿ ಇದು ಹಿಂದಿ ಹೇರಿಕೆ ಅಂತ ವಿರೋಧ ಆಯ್ತು. ನಮ್ಮ ಕಡೆ ಎರಡು ಥರ, ಒಂದಷ್ಟು ಜನ ಹೌದು ಹೇರಿಕೆನೇ ಅಂದ್ರು, ಇನ್ನೊಂದಷ್ಟು ಜನ ಅದು ದೆಹಲಿಯಿಂದ ಬಂದ ಪದ ಅಲ್ಲ, ಮೈಸೂರಿಂದ ಹೋದ ಪದ ಅಂದ್ರು. ಇಬ್ಬರ ಮಾತೂ ನಿಜ ಇರಬಹುದು ಅಂತ ಹೇಳಿದೋರಿಗೆ ಎರಡೂ ಕಡೆಯಿಂದ ಬೈಗುಳ. ಪದ ಎಲ್ಲಿ ಹುಟ್ಟಿತು ಅನ್ನೋದು ಒಂದು, ಅದು ಯಾವ ದಾರೀಲಿ ಯಾರ ಕೈಯಲ್ಲಿ ವಾಪಸ್ ಬಂತು ಅನ್ನೋದು ಇನ್ನೊಂದು. ವಿಠ್ಠಲ ವಿಹಾರದಲ್ಲಿ ಸ್ನೇಹಿತರು ಸೇರಿ ಇಟ್ಟ ಹೆಸರು ಹಾಗೂ ಆರ್ಡರ್ ಕಾಪಿಯಲ್ಲಿ ಬಂದ ಹೆಸರು ಅಕ್ಷರದಲ್ಲಿ ಒಂದೇ ಆದ್ರೂ ಕಿವಿಗೆ ಒಂದೇ ಥರ ಕೇಳಿಸಲ್ಲ.

ಮಧ್ಯೆ ಪದದ ಅರ್ಥವೂ ಇನ್ನೊಂದು ಸಲ ಸಣ್ಣಗಾಯ್ತು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು ಬೆಂಗಳೂರಲ್ಲೇ. ಅದನ್ನ ಯಾರೂ ಆಕಾಶವಾಣಿ ಅನ್ನಲಿಲ್ಲ, ಈಗ ಆಕಾಶವಾಣಿ ಅಂದ್ರೆ ಸರ್ಕಾರಿ ರೇಡಿಯೋ ಮಾತ್ರ. ಆ ಹೆಸರು ಹೊತ್ತು ಮೈಸೂರಲ್ಲಿ ಶುರುವಾಗಿದ್ದು ಮಾತ್ರ ಒಬ್ಬ ಮೇಷ್ಟ್ರ ಖಾಸಗಿ ಸ್ಟೇಷನ್ನು.

ಸದ್ಯಕ್ಕೆ ಲೆಕ್ಕ ಎಲ್ಲಿಗೆ ನಿಂತಿದೆ ಅಂದ್ರೆ, ಕಲ್ಕತ್ತದ ವಾದಕ್ಕೆ ತಾರೀಕು ಇರೋ ಕವಿತೆ ಇದೆ, ಮೈಸೂರಿನ ವಾದ ಅದಕ್ಕಿಂತ ಮೂರು ವರ್ಷ ಹಿಂದಿನದ್ದು, ಆದ್ರೆ ಅದು ಹೆಚ್ಚಾಗಿ ನಿಂತಿರೋದು ಜನರ ನೆನಪಿನ ಮೇಲೆ. ಆ ಪಾಯಕ್ಕೆ ಕಲ್ಲು ಹಾಕೋಕೆ ದೊಡ್ಡ ಗ್ರಂಥವೇನೂ ಬೇಡ, 1935ರ ಸೆಪ್ಟೆಂಬರಿಂದ 1938ರ ಆಗಸ್ಟ್ ನಡುವಿನ ಒಂದು ಹಾಳೆ ಸಾಕು. ಕಾರ್ಯಕ್ರಮಕ್ಕೆ ಕರೆದ ಕಾಗದ, ಹಾಡಿದ್ದಕ್ಕೆ ಕೊಟ್ಟ ರಸೀದಿ, ಪೇಪರಲ್ಲಿ ಬಂದ ಪುಟ್ಟ ಪ್ರಕಟಣೆ, ಏನಾದ್ರೂ ಆಗ್ಬಹುದು, ಆಕಾಶವಾಣಿ ಅನ್ನೋ ಪದ ಮತ್ತೆ ತಾರೀಕು ಎರಡೂ ಅದೇ ಹಾಳೆಯಲ್ಲಿ ಇರ್ಬೇಕು. ಮನೇಲಿ ಆಗಿನ ಕಾಲದ ಸಂಗೀತಗಾರರು, ಕಾಲೇಜು ಮೇಷ್ಟ್ರುಗಳು ಇದ್ದಿದ್ರೆ, ಹಳೇ ಟ್ರಂಕು ರದ್ದಿಗೆ ಹಾಕೋ ಮುಂಚೆ ಒಂದ್ಸಲ ತೆಗೆದು ನೋಡಿ, ಸಿಕ್ಕಿದ್ರೆ ಎರಡೂ ಬದಿ ಫೋಟೋ ತೆಗೀರಿ, ತಾರೀಕು ಎಷ್ಟೋ ಸಲ ಹಿಂಬದಿಯಲ್ಲೇ ಇರತ್ತೆ.